ಕಬ್ಬಿಣದ ಬಳೆ ಉರುಳಿಸಿದ ಚಳಿಗಾಲ

ಲಂಡನ್ನಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಗುರುತಿಲ್ಲದವರ ಬಾಗಿಲಿಗೆ ಹೋಗಿ ನಾನು ಏನನ್ನೂ ಕೇಳಿದವಳಲ್ಲ. ಮೊದಲ ಸಲ ಕೇಳಿದ್ದು ಸಗಣಿ.

ತೊಂಬತ್ತರ ದಶಕದ ಕೊನೆಯ ಭಾಗ. ಅತ್ತೆಯವರು ನಮ್ಮೊಂದಿಗೆ ಇರಲೆಂದು ಧಾರವಾಡದ ಕಡೆಯಿಂದ ಬಂದ ವರ್ಷವೂ ಅದೇ. ಇಲ್ಫರ್ಡ್‌ನ ಸಾಲುಮನೆಗಳಲ್ಲಿ ನಮ್ಮದೊಂದು. ಹಿತ್ತಲಿಗೆ ಹಿಂದಿನವರು ಕಾಂಕ್ರೀಟು ಹಾಕಿಸಿಬಿಟ್ಟಿದ್ದರು. ಅತ್ತೆ ಬೆಳಿಗ್ಗೆ ಎದ್ದು ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ, ಪರದೆ ಎಳೆದು, "ನೋಡೂದೇನದ ಅಲ್ಲೆ" ಎಂದು ಚಹಾದ ಮುಂದೆ ಕೂರುತ್ತಿದ್ದರು. ಅವರು ಎರೆಹೊಲದವರು. ಮಳೆಗಾಲದಲ್ಲಿ ಕಾಲಿಗೆ ಅಂಟುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುವ ಕಪ್ಪು ಮಣ್ಣಿನ ಮಧ್ಯೆ ಬಾಳಿದವರು. ನಾನಾದರೋ ಧಾರವಾಡ ಪಟ್ಟಣದ ಕಾನ್ವೆಂಟಿನಲ್ಲಿ ಬಿಳಿ ಕಾಲುಚೀಲಕ್ಕೆ ಕಲೆಯಾಗದಂತೆ ನಡೆಯುವುದನ್ನು ಕಲಿತವಳು. ದನದ ಹತ್ತಿರಕ್ಕೆ ಹೋಗುವ ಪ್ರಸಂಗವೇ ಬಂದಿರಲಿಲ್ಲ.

ದೀಪಾವಳಿ ಹತ್ತಿರ ಬಂತು. ನಮ್ಮ ಕಡೆ ಪಾಡ್ಯದ ದಿನ ಹಟ್ಟಿ ಲಕ್ಕವ್ವನನ್ನು ಮಾಡುತ್ತಾರೆ. ಸಗಣಿಯ ಪುಟ್ಟ ಗೋಪುರಗಳನ್ನು ಮಾಡಿ, ತಲೆಗೆ ಚೆಂಡು ಹೂ ಸಿಕ್ಕಿಸಿ, ಹೊಸ್ತಿಲ ಎರಡೂ ಬದಿಗೆ ಕೂರಿಸಿ ಪೂಜೆ ಮಾಡುವುದು. ಇಷ್ಟು ವರ್ಷ ನಾನು ಗೋದಿಹಿಟ್ಟಿನ ಮುದ್ದೆಯಲ್ಲಿ ಕೆಲಸ ಸಾಗಿಸಿದ್ದೆ. ಅದನ್ನು ಕೇಳಿ ಅತ್ತೆ ಹಣೆಗೆ ಕೈ ಹಚ್ಚಿದರು.

"ಈ ಊರಾಗ ಹಾಲು ಬಾಟ್ಲಿಯೊಳಗ ಬರ್ತದ, ಖರೆ. ಬಾಟ್ಲಿಯೊಳಗ ಎಲ್ಲಿಂದ ಬಂತು? ಆಕಳದಿಂದನ ಬಂದಿರಬೇಕಲ್ಲ? ಆಕಳಿದ್ದಲ್ಲೆ ಸಗಣಿ ಇರ್ತದ. ಹುಡುಕವಾ."

ಉತ್ತರ ಕೊಟ್ಟವಳು ಪ್ರೈಮರಿ ಶಾಲೆಯಲ್ಲಿದ್ದ ನನ್ನ ಮಗಳು. ಹೇನೋಲ್ಟ್ ಕಡೆಯ ಹೊಲಗಳಿಗೆ ಅವರ ತರಗತಿಯನ್ನು ನಡೆಸಿಕೊಂಡು ಹೋಗಿದ್ದರಂತೆ. "ದೇರ್ ವರ್ ಕೌಸ್, ಆಯಿ. ಬ್ರೌನ್ ವನ್ಸ್. ವೆರಿ ಸ್ಮೆಲ್ಲಿ" ಎಂದಳು. ಅಜ್ಜಿಗೆ ಇಂಗ್ಲಿಷು ಬರದಿದ್ದರೂ ಮೊಮ್ಮಗಳು ಮೂಗು ಮುಚ್ಚಿದ ರೀತಿಯಿಂದಲೇ ತಿಳಿಯಿತು. "ಸಿಕ್ತು ನೋಡು" ಎಂದರು.

ಮರುದಿನ ಅತ್ತೆಯೂ ನಾನೂ ಬಸ್ಸು ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿದೆವು. ಮನೆಗಳ ಸಾಲು ಥಟ್ಟನೆ ಮುಗಿದು, ಬೇಲಿಯ ನಡುವಿನ ಕಾಲುದಾರಿ, ಅದರ ಕೊನೆಗೆ ಒಂದು ಗೇಟು. ಗೇಟಿನಾಚೆ ಇಳಿಜಾರು ಹುಲ್ಲುಗಾವಲು, ಹನ್ನೆರಡು ಕೆಂಪು ದನ, ಒಂದು ಹಳೆಯ ಕ್ಯಾರವಾನ್, ತಗಡಿನ ಶೆಡ್ಡು. ಗಂಡಸರ ಕೋಟಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರವನ್ನೇ ಬೆಲ್ಟಿನಂತೆ ಬಿಗಿದುಕೊಂಡ ಅರವತ್ತು ದಾಟಿದ ಇಂಗ್ಲಿಷ್ ಹೆಂಗಸೊಬ್ಬರು ಹೊರಗೆ ಬಂದರು. ನಾನು ಸಿಸ್ಟರುಗಳು ಕಲಿಸಿದ್ದ ಸಮಸ್ತ ವಿನಯವನ್ನೂ ಕೂಡಿಸಿ, ತಮಗೆ ತೊಂದರೆಯಾಗದಿದ್ದರೆ, ದಯವಿಟ್ಟು, ಸ್ವಲ್ಪ ಸಗಣಿ ಸಿಗಬಹುದೇ ಎಂದು ಕೇಳಿದೆ.

ಆಕೆ ನನ್ನ ಕೋಟನ್ನೂ ಅತ್ತೆಯ ಸೀರೆಯನ್ನೂ ನೋಡಿ, "ಎಷ್ಟು ಬೇಕು? ಒಂದು ಟ್ರೇಲರ್ ಆದರೆ ಸಾಕೇ?" ಎಂದರು.

ಅತ್ತೆ ಚೀಲದಿಂದ ಮುಚ್ಚಳವಿದ್ದ ಸ್ಟೀಲ್ ಡಬ್ಬಿ ತೆಗೆದು ಮುಂದೆ ಚಾಚಿದರು. ಆಕೆ ನಕ್ಕ ನಗೆಗೆ ದನಗಳು ತಲೆ ಎತ್ತಿ ನೋಡಿದವು.

ಡಬ್ಬಿ ತುಂಬಿದ ಮೇಲೆ ಅತ್ತೆ ಗೇಟಿಗೆ ಒರಗಿ ದನಗಳನ್ನು ಪರೀಕ್ಷಿಸಿದರು. "ಬೆನ್ನ ಮ್ಯಾಲೆ ಹಿಣಿಲಿಲ್ಲ, ಕೊಂಬಿಲ್ಲ. ಬೋಳು ಬೋಳು ಕಾಣ್ತಾವ, ಪಾಪ. ಆದರ ಕಣ್ಣು ಮಾತ್ರ ಆಕಳದ್ದ ಅದ." ಹಾಗೆಂದು ಆ ಹೆಂಗಸಿಗೆ 'ಗೌಡಶಾನಿ' ಎಂದು ಹೆಸರಿಟ್ಟರು. ನಮ್ಮ ಊರುಗಳಲ್ಲಿ ಗೌಡರ ಹೆಂಡತಿಗೆ ಹಾಗೆನ್ನುತ್ತಾರೆ. ನಾನು ಅರ್ಥ ಹೇಳಿದಾಗ ಆಕೆಗೆ ಬಹಳ ಸಂತೋಷವಾಯಿತು. ತನ್ನ ದನಗಳನ್ನು ಬಿಟ್ಟರೆ ತನಗೆ ಯಾವ ಪ್ರಜೆಗಳೂ ಇಲ್ಲ ಎಂದರು.

ಆ ಚಳಿಗಾಲವೆಲ್ಲ ವಾರಕ್ಕೊಮ್ಮೆ ಅಲ್ಲಿಗೆ ಹೋಗುವುದು ಅತ್ತೆಯ ಸಂತೆಯಾಯಿತು. ಮಗಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಮಂಕಿಕ್ಯಾಪು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಗೌಡಶಾನಿ ಕ್ಯಾರವಾನಿನಲ್ಲಿ ಚಹಾ ಕೊಡುತ್ತಿದ್ದರು. ಇವರು ಶೇಂಗಾ ಚಟ್ನಿ ಸವರಿದ ಚಪಾತಿ ಒಯ್ಯುತ್ತಿದ್ದರು. ಅತ್ತೆ ಕನ್ನಡದಲ್ಲಿ, ಆಕೆ ಇಂಗ್ಲಿಷಿನಲ್ಲಿ. ಮಧ್ಯೆ ನಾನು ತರ್ಜುಮೆ ಮಾಡಿದರೆ ಇಬ್ಬರೂ ಸ್ವಲ್ಪ ಅಸಹನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದರು.

ಗೇಟಿನ ಹತ್ತಿರವೇ, ಒಂದು ಪುಟ್ಟ ಕೋಣೆಯಷ್ಟು ಅಗಲದ ಕಬ್ಬಿಣದ ಬಳೆಯನ್ನು ನೆಲದ ಮೇಲೆ ಮಲಗಿಸಿದ್ದರು. ಎತ್ತರ ನನ್ನ ಎದೆಮಟ್ಟ, ಸುತ್ತಲೂ ದನ ತಲೆ ತೂರುವಷ್ಟು ಸಂದು. ದುಂಡನೆಯ ದೊಡ್ಡ ಒಣಹುಲ್ಲಿನ ಸುರುಳಿಯನ್ನು ಟ್ರ್ಯಾಕ್ಟರಿನಿಂದ ಅದರ ನಡುವೆ ಇಳಿಸಿದರೆ ದನಗಳು ಸುತ್ತ ನಿಂತು ತಿನ್ನುತ್ತವೆ, ಹುಲ್ಲು ತುಳಿದು ಹಾಳಾಗುವುದಿಲ್ಲ. ಗೇಟಿನ ಬಳಿ ಇಟ್ಟದ್ದು ಟ್ರ್ಯಾಕ್ಟರಿಗೆ ಅನುಕೂಲವೆಂದು. ನವೆಂಬರಿನಲ್ಲಿ ಬಳೆಯ ಸುತ್ತ ಹುಲ್ಲೇ ಇತ್ತು. ಕ್ರಿಸ್‌ಮಸ್ ಹೊತ್ತಿಗೆ ಒಂದೊಂದು ಗೊರಸಿನ ಗುರುತೂ ಗುಳಿಯಾಗಿ, ಗುಳಿಯಲ್ಲಿ ನೀರು ನಿಂತು, ಆ ಜಾಗವೆಲ್ಲ ಪಡ್ಡಿನ ಹಂಚಿನಂತೆ ಕಾಣುತ್ತಿತ್ತು. ಜನವರಿ ಮುಗಿಯುವಾಗ ಗುಳಿಗಳ ನಡುವಿನ ಅಂಚುಗಳೂ ಕುಸಿದು ಬರೀ ಅಂಬಲಿ. ದನಗಳು ಮೊಣಕಾಲವರೆಗೆ ಹೂತುಕೊಂಡೇ ಮೇವಿಗೆ ಬರುತ್ತಿದ್ದವು. ಒಂದೊಂದು ಕಾಲು ಕೀಳುವಾಗಲೂ ಬಾಟಲಿಯ ಬಿರಡೆ ತೆಗೆದಂಥ ಸದ್ದು. ಕೆಸರು ವಾರವಾರವೂ ಹರಡುತ್ತಾ ಕಾಲುದಾರಿಗೂ ಬಂತು. ಅಲ್ಲಿಂದ ಇಳಿದ ನೀರು ಕೆಳಗಿನ ಕಾಲುವೆಯನ್ನು ಡಿಕಾಕ್ಷನ್ ಬಣ್ಣಕ್ಕೆ ತಿರುಗಿಸಿತ್ತು. ನಾಯಿ ಕರೆದುಕೊಂಡು ಅಡ್ಡಾಡಲು ಬರುತ್ತಿದ್ದವರು ಬೂಟು ನೋಡಿಕೊಂಡು ಹಿಂತಿರುಗುತ್ತಿದ್ದರು.

ಅಂಥವರಲ್ಲಿ ಯಾರೋ ಹೇಳಿರಬೇಕು. ಹೊಲ ಕೌನ್ಸಿಲ್‌ನದು, ಅಂದರೆ ಅಲ್ಲಿಯ ನಗರಸಭೆಯದು; ಗೌಡಶಾನಿ ಗೇಣಿಗೆ ಹಿಡಿದವರು. ಫೆಬ್ರವರಿಯಲ್ಲಿ ಕೌನ್ಸಿಲ್‌ನ ಸಾಹೇಬರೊಬ್ಬರು ಬಂದು, ಕೈಯಲ್ಲಿದ್ದ ಕೋಲನ್ನು ಬಳೆಯ ಪಕ್ಕದಲ್ಲಿ ಊರಿದರು. ಅದು ಹಿಡಿಯವರೆಗೂ ಸಲೀಸಾಗಿ ಇಳಿಯಿತು. ಅವರು ಬೈಯಲಿಲ್ಲ. ಮೆಲ್ಲಗೇ ಹೇಳಿ ಹೋದರು.

ಅವರು ಹೋದ ಮೇಲೆ ಕ್ಯಾರವಾನಿನಲ್ಲಿ ಗೌಡಶಾನಿ ಕೆಟಲ್‌ಗೆ ನೀರು ತುಂಬುವುದನ್ನೇ ಮರೆತು ಸ್ವಿಚ್ಚು ಒತ್ತಿದರು. ಸಾಹೇಬರು ಹೇಳಿದ್ದು ಇಷ್ಟು: ಮುಂದಿನ ಚಳಿಗಾಲ ಒಂದಕ್ಕೆ ಮಾತ್ರ ಅವಕಾಶ. ಅದು ಮುಗಿದ ಮೇಲೆ, ವಸಂತದಲ್ಲಿ, ಅವರು ಮತ್ತೆ ಬರುತ್ತಾರೆ. ನೆಲ ಹೀಗೇ ಇದ್ದರೆ, ಕಾಲುವೆ ಹೀಗೇ ಹರಿದರೆ, ಚಳಿಗಾಲದಲ್ಲಿ ಈ ಹೊಲದಲ್ಲಿ ದನ ಇಡುವಂತಿಲ್ಲ. ಆಕೆಗೆ ಕೊಟ್ಟಿಗೆಯಿಲ್ಲ, ಶೆಡ್ಡಿನಲ್ಲಿ ಟ್ರ್ಯಾಕ್ಟರು, ಹುಲ್ಲು ಬಿಟ್ಟರೆ ಜಾಗವಿಲ್ಲ.

"ಹಾಗಾದರೆ ಮಾರಬೇಕು" ಎಂದರು. "ಬೇಸಿಗೆಗೆ ಹೊರಗಿಟ್ಟು ಚಳಿಗೆ ಮಡಚಿಡಲು ಅವೇನು ತೋಟದ ಕುರ್ಚಿಗಳೇ?"

ನಾನು ಅತ್ತೆಗೆ ಹೇಳಿದೆ. ಅತ್ತೆ ಎದ್ದು ಹೋಗಿ ಕೆಟಲ್‌ಗೆ ನೀರು ತುಂಬಿದರು.

ಮಾರ್ಚಿನಲ್ಲಿ ಹುಲ್ಲು ಚಿಗುರಿತು. ದನಗಳು ಮೇಲಿನ ಹೊಲಕ್ಕೆ ಹೋದವು. ಕಬ್ಬಿಣದ ಬಳೆ ಬೇಲಿಗೆ ಒರಗಿ ನಿಂತಿತು. ಅದಿದ್ದ ಜಾಗ ಒಣಗುತ್ತಾ ಕರ್ರಗೆ, ನುಣ್ಣಗೆ ಹೊಳೆಯತೊಡಗಿತು. ಅತ್ತೆಯ ಕಣ್ಣು ಅದರ ಮೇಲೆ ಬಿತ್ತು.

"ನೋಡವಾ, ಒಂದ ಛಳಿಗಾಲ ಪೂರ್ತಿ ಅಲ್ಲೆ ದನ ನಿಂತಾವ. ನಮ್ಮ ಕಡೆ ಹೊಲದಾಗ ಕುರಿ ಹಿಂಡು ಕೂಡಸಾಕ ಕುರುಬರನ್ನ ಮುಂದಾಗಿ ಮಾತಾಡಿ, ಜ್ವಾಳಾ ಕೊಟ್ಟು ಕರೀತೇವಿ. ಇಲ್ಲೆ ನೋಡಿದರ ಬಂಗಾರದಂಥಾ ಗೊಬ್ಬರ ಬಿಟ್ಟಿ ಬಿದ್ದದ. ನಾಲ್ಕ ಮಡಿ ಮೆಂತ್ಯ ಹಾಕೋಣು. ಆ ಜಾಗಾ ಹಸರಾದರ ಸಾಹೇಬನೂ ಸುಮ್ಮನಾಗ್ತಾನ."

ಕಡೆಯ ಮಾತು ನನಗೂ ಸರಿ ಎನಿಸಿತು. ಗೌಡಶಾನಿಯನ್ನು ಕೇಳಿದೆ. ಆಕೆ ತಲೆ ಓರೆ ಮಾಡಿ, "ನಾನಾಗಿದ್ದರೆ ಅಲ್ಲಿ ಬಿತ್ತುತ್ತಿರಲಿಲ್ಲ" ಎಂದರು. ಇಷ್ಟು ವರ್ಷ ಇಲ್ಲಿದ್ದ ನನಗೆ ಗೊತ್ತು, ಇಂಗ್ಲಿಷರು ಹಾಗೆಂದರೆ ಖಡಾಖಂಡಿತ ಬೇಡವೆಂದೇ ಲೆಕ್ಕ. ಹಾಗೆಯೇ ಅತ್ತೆಗೆ ಹೇಳಿದೆ. ಅತ್ತೆ ಚಪಾತಿಯ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಾ ದನಿ ತಗ್ಗಿಸಿ, "ಕೈ ಭಾಳ ಗಟ್ಟಿ ಅದ ಗೌಡಶಾನಿದು. ಚಾ ಬೇಕಾದಷ್ಟು ಕೊಡ್ತಾಳ, ಗೊಬ್ಬರಾ ಕೊಡವಲ್ಲಳು" ಎಂದರು. ಆಕೆಗೆ ಕನ್ನಡ ಬರದಿದ್ದರೂ ಅತ್ತೆ ದನಿ ತಗ್ಗಿಸಿದ್ದು ಯಾಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಅತ್ತೆ ಎರಡು ವಾರ ಮುಖ ಸಣ್ಣ ಮಾಡಿಕೊಂಡರು. ಗೌಡಶಾನಿ ಸೋತು, ಆ ಜಾಗದಲ್ಲೇ ಒಂದು ತುಂಡಿಗೆ ತನ್ನ ಕಿತ್ತಳೆ ದಾರ ಕಟ್ಟಿಕೊಟ್ಟರು. ಮೆಂತ್ಯ, ಕೊತ್ತಂಬರಿ, ರಾಜಗಿರಿ ಬಿತ್ತಿದೆವು. ಮಣ್ಣಿನ ಮೇಲ್ಪದರವನ್ನು ಕೆರೆದು ಬೀಜ ಮುಚ್ಚುವಾಗ ಅತ್ತೆ ಒಂದು ಹಾಡು ಗುನುಗುತ್ತಿದ್ದರು. ಮಳೆ ಬಿತ್ತು. ನೀರು ತಟ್ಟೆಯಲ್ಲಿ ನಿಂತ ಹಾಗೆ ಮಡಿಯ ಮೇಲೆ ನಿಂತಿತು. ಮೆಂತ್ಯ ಮೊಳೆಯಲು ಎಷ್ಟು ದಿನ ಬೇಕು? ಎರಡು ವಾರವಾದರೂ ಇಲ್ಲ. ಅಲ್ಲೊಂದು ಇಲ್ಲೊಂದು ಹಳದಿ ಎಳೆ ಎದ್ದು, ನಮ್ಮನ್ನು ನೋಡಿ ಅಡ್ಡಬಿತ್ತು.

"ಬೀಜಾ ಹಳೇವು. ಅಂಗಡಿಯಂವ ಮೋಸಾ ಮಾಡ್ಯಾನ" ಎಂದರು ಅತ್ತೆ. ಮನೆಗೆ ಬಂದು ಅದೇ ಪೊಟ್ಟಣದ ಬೀಜವನ್ನು ಮೊಸರಿನ ಪ್ಲಾಸ್ಟಿಕ್ ಡಬ್ಬದಲ್ಲಿ ಬಿತ್ತಿ ಕಿಟಕಿಯಲ್ಲಿಟ್ಟರು. ವಾರ ತುಂಬುವುದರೊಳಗೆ ಡಬ್ಬದಲ್ಲಿ ಹಸಿರು ಜಡೆ ಕಟ್ಟುವಷ್ಟು ಮೆಂತ್ಯ.

ಆಮೇಲೆ ಹೋದಾಗ ಸಲಿಕೆ ಹಾಕಿಯೇ ನೋಡಿದೆವು. ಮೇಲೊಂದು ಬೆರಳು ದಪ್ಪ ಕಪ್ಪು. ಅದರ ಕೆಳಗೆ ನೀಲಿ ಬೆರೆತ ಬೂದು ಮಣ್ಣು, ಪದರ ಪದರವಾಗಿ, ಜೋಡಿಸಿಟ್ಟ ತಟ್ಟೆಗಳಂತೆ ಎದ್ದು ಬಂತು. ಕೆಟ್ಟ ಮೊಟ್ಟೆಯ ವಾಸನೆ. ಒಂದೇ ಒಂದು ಎರೆಹುಳವಿಲ್ಲ. ಹಳೆಯ ಹುಲ್ಲಿನ ಬೇರುಗಳು ಆ ಪದರಗಳ ಮಧ್ಯೆ ಕಬ್ಬಿಣದ ತುಕ್ಕಿನ ಬಣ್ಣದ ಗೆರೆಗಳಾಗಿ ಉಳಿದಿದ್ದವು. ಸ್ವಲ್ಪ ದೂರ ಹೋಗಿ ದನ ನಿಲ್ಲದಿದ್ದ ಕಡೆ ಅಗೆದೆ. ಅದೂ ಜೇಡಿಮಣ್ಣೇ. ಆದರೆ ಕೈಯಲ್ಲಿ ಹಿಡಿದರೆ ಅವಲಕ್ಕಿ ಚೂಡಾದಂತೆ ಉದುರಿತು, ಬೇರಿನ ಬಲೆ, ಹುಳು ಓಡಾಡಿದ ದಾರಿಗಳು, ಮಳೆಯ ನಂತರದ ಒಳ್ಳೆಯ ವಾಸನೆ. ಎರಡನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ಅತ್ತೆಗೆ ತೋರಿಸಿದೆ.

ಗೌಡಶಾನಿ ಸೊಂಟದ ನೋವಿನಿಂದ ನಿಧಾನಕ್ಕೆ ಬಾಗಿ ಕೂತರು. ಒಣನೆಲದ ಮೇಲೆ ದನ ಎಷ್ಟು ನಿಂತರೂ ಚಿಂತೆಯಿಲ್ಲ, ಒದ್ದೆಯಾದಾಗ ಪ್ರತಿ ಹೆಜ್ಜೆಯೂ ಹಿಟ್ಟು ನಾದಿದ ಹಾಗೆ, ಮಣ್ಣಿನೊಳಗಿನ ಗಾಳಿಯನ್ನೆಲ್ಲ ಹಿಂಡಿಬಿಡುತ್ತದೆ ಎಂದರು. ಗೊಬ್ಬರವಿದೆ, ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಆದರೆ ಒಳಗೆ ಇಳಿಯಲು ದಾರಿಯಿಲ್ಲ. ಮೇಲೇ ಉಳಿದು, ಮಳೆ ಬಂದರೆ ಕಾಲುವೆಗೆ ಹೋಗುತ್ತದೆ.

ನಾನು ಹೇಳಿದ್ದನ್ನು ಕೇಳಿ ಅತ್ತೆ ಆ ಬೂದು ಹೆಂಟೆಯನ್ನು ಮೂಸಿದರು. "ಹೊಟ್ಟಿ ಬಿರಿಯೋ ಹಂಗ ಉಂಡು, ಉಸರು ಕಟ್ಟಿ ಮಲಗೇದ" ಎಂದರು. "ನಮ್ಮ ಎರಿಹೊಲಾ ಬ್ಯಾಸಗಿಗೆ ತಾನ ಬಾಯಿ ಬಿಟ್ಟು ಉಸರಾಡ್ತದ. ಇಲ್ಲೆ ಬಿಸಲರೆ ಎಲ್ಲೆ ಅದ, ಬಾಯಿ ತೆಗಿಯಾಕ?"

ಕ್ಷಮೆ ಗಿಮೆ ಅವರ ಪದ್ಧತಿಯಲ್ಲ. ಮುಂದಿನ ವಾರ ಶೇಂಗಾ ಹೋಳಿಗೆ ಮಾಡಿ ಒಯ್ದರು. ಗೌಡಶಾನಿ ಎರಡು ತಿಂದು ಮೂರನೆಯದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡರು. ಅಲ್ಲಿಗೆ ಮುಗಿಯಿತು.

ಬೇಸಿಗೆಯಲ್ಲಿ ಆ ಜಾಗದ ಅಂಚಿಗೆ ತುರಚಿ ಗಿಡ, ಅಗಲ ಎಲೆಯ ಕಳೆ ಎದೆಯೆತ್ತರ ಬೆಳೆದವು, ನಡುವೆ ಬೋಳು. ಗೌಡಶಾನಿ ಅದನ್ನು ದಿನವೂ ದಾಟಿ ಹೋಗುತ್ತಿದ್ದರು. ಆಗಸ್ಟಿನಲ್ಲಿ ಒಂದು ದಿನ, ಬೇರೆ ಕಡೆ ಕೆಲವರು ಮಾಡುವ ಒಂದು ಕ್ರಮವನ್ನು ಹೇಳಿದರು. ನೆಲ ಒಣಗಿರುವಾಗಲೇ, ಮಳೆಗೆ ಮೊದಲು, ಹುಲ್ಲಿನ ಸುರುಳಿಗಳನ್ನು ಹೊಲದ ತುಂಬ ದೂರದೂರಕ್ಕೆ ಇಟ್ಟು, ಸರದಿ ಬರುವವರೆಗೆ ದನ ಬಾಯಿ ಹಾಕದಂತೆ ಒಂದೊಂದರ ಸುತ್ತಲೂ ಸಣ್ಣ ಕರೆಂಟಿನ ತಂತಿ ಕಟ್ಟಿಬಿಡುವುದು. ಚಳಿಗಾಲದಲ್ಲಿ ಟ್ರ್ಯಾಕ್ಟರು ಕೆಸರಿಗೆ ಇಳಿಯುವ ಪ್ರಮೇಯವೇ ಇಲ್ಲ. ಒಂದು ಸುರುಳಿ ತಿಂದು ಮುಗಿದ ಮೇಲೆ ಕಬ್ಬಿಣದ ಬಳೆಯನ್ನು ಮುಂದಿನದರವರೆಗೆ ಉರುಳಿಸಿ ಅದರ ಮೇಲೆ ಕವುಚಿದರಾಯಿತು. ದನಗಳು ಯಾವ ಜಾಗವನ್ನೂ ಕೆಲವು ದಿನಕ್ಕಿಂತ ಹೆಚ್ಚು ತುಳಿಯುವುದಿಲ್ಲ. ಗೊಬ್ಬರವೂ ಹೊಲದ ತುಂಬ ಹಂಚಿಹೋಗುತ್ತದೆ.

"ಮತ್ತೆ ಯಾಕೆ ಮಾಡಲಿಲ್ಲ?" ಎಂದೆ.

"ಬಳೆ ಎತ್ತಿ ನಿಲ್ಲಿಸಲು ಇಬ್ಬರು ಬೇಕು. ನನ್ನ ಸೊಂಟ ಅರ್ಧ ಆಳಿನದು" ಎಂದರು.

ಅತ್ತೆಗೆ ಹೇಳಿದೆ. ಅವರು ಕ್ಷಣವೂ ತಡೆಯಲಿಲ್ಲ. "ಇಕಿ ಬರ್ತಾಳ ಅನ್ನು."

"ಯಾರು, ನಾನಾ?"

"ಮತ್ತ ನಾ ಉರುಳಸ್ಲೇನು? ನನಗ ಮಂಡಿನೋವು."

ಅಕ್ಟೋಬರಿನ ಒಂದು ಭಾನುವಾರ ನನ್ನ ಗಂಡನೂ ಬಂದರು. ವಾರವಿಡೀ ಕ್ಯಾನರಿ ವಾರ್ಫಿನ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರಿನ ಮುಂದೆ ಕೂರುವವರು, ಹೊಲದಲ್ಲಿ ಕೈ ಬೀಸುತ್ತಾ, ಟ್ರ್ಯಾಕ್ಟರ್ ಓಡಿಸುತ್ತಿದ್ದ ಗೌಡಶಾನಿಗೆ ಎಡಕ್ಕೆ, ಬಲಕ್ಕೆ ಎಂದು ದಾರಿ ತೋರಿಸುವುದರಲ್ಲಿ ಮೈಮರೆತರು. ಆಕೆ ಅವರ ಕಡೆ ನೋಡುತ್ತಲೂ ಇರಲಿಲ್ಲ. ಸಂಜೆಯ ಹೊತ್ತಿಗೆ ಇಳಿಜಾರಿನ ತುಂಬ ಹುಲ್ಲಿನ ಸುರುಳಿಗಳು ಚೆದುರಿ ನಿಂತಿದ್ದವು.

"ಛೊಲೋ ಆತು ತಮ್ಮಾ, ದೊಡ್ಡ ಕೆಲಸಾ ಮಾಡಿದಿ" ಎಂದರು ಅತ್ತೆ. ಅವರು ಮಗನಿಗೆ ಹೇಳಿದ್ದು ಹೊಗಳಿಕೆಯೋ ಗೇಲಿಯೋ ಎಂದು ದಾರಿಯುದ್ದಕ್ಕೂ ನನ್ನವರು ನನ್ನನ್ನು ಕೇಳಿದರು.

ಹಾಗೆ ಆ ಚಳಿಗಾಲ ಶುರುವಾಯಿತು. ಸಲ್ವಾರಿನ ಕಾಲನ್ನು ಹಸಿರು ವೆಲ್ಲಿಂಗ್ಟನ್ ಬೂಟಿನೊಳಗೆ ತುರುಕಿ, ಮೇಲೆ ಗಂಡನ ಹಳೆಯ ಆಫೀಸು ಕೋಟು. ಮಲಗಿದ ಬಳೆಯ ಒಂದು ಬದಿಗೆ ಇಬ್ಬರೂ ಕೈ ಹಾಕಿ, ಮೊಣಕಾಲು ಬಗ್ಗಿಸಿ, ಎತ್ತಿ ನಿಲ್ಲಿಸಬೇಕು. ನಿಂತ ಮೇಲೆ ಅದು ಬಂಡಿಯ ಗಾಲಿಯಂತೆ ಉರುಳುತ್ತದೆ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ನಡೆಯಬೇಕು. ಮೊದಲ ದಿನವೇ ನನ್ನ ಕೈಗವಸು ಜಾರಿತು. ಬಳೆ ನಮ್ಮನ್ನು ಬಿಟ್ಟು ಇಳಿಜಾರಿನಲ್ಲಿ ತಾನೇ ಹೊರಟಿತು. ಮೇವು ಓಡಿಹೋಗುತ್ತಿದೆ ಎಂದುಕೊಂಡವೋ ಏನೋ, ಹನ್ನೆರಡು ದನವೂ ಬಾಲ ಎತ್ತಿ ಅದರ ಹಿಂದೆ ಓಡಿದವು. ಕಾಲುದಾರಿಯಲ್ಲಿದ್ದ ಒಬ್ಬ ಮಹನೀಯರು ನಾಯಿಯನ್ನು ಎತ್ತಿಕೊಂಡು ಬೇಲಿಯ ಮೇಲೆ ಹತ್ತಿ ಕೂತರು. ಬಳೆ ಗೇಟಿಗೆ ಬಡಿದು, ಎರಡು ಸುತ್ತು ತಿರುಗಿ, ನಾಣ್ಯದಂತೆ ಮಲಗಿತು. ಅತ್ತೆ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಾ, "ಇನ್ನೊಮ್ಮೆ ಬಿಡವಾ, ನಿನ್ನ ಮಗಳಿಗೂ ತೋರಸೋಣು" ಎಂದು ಕೂಗಿದರು.

ದಿನ ಹೋದಂತೆ ಕೈ ಪಳಗಿತು. ವಾರಕ್ಕೆ ಒಂದು ಸಲ, ಕೆಲವು ವಾರ ಎರಡು ಸಲ. ಬಳೆ ಬಿಟ್ಟುಬಂದ ಜಾಗಗಳನ್ನು ನೋಡಿಕೊಂಡು ಬರುವುದು ನನಗೆ ಅಭ್ಯಾಸವಾಯಿತು. ಗೊರಸಿನ ಗುಳಿಗಳು ಇಲ್ಲಿಯೂ ಇದ್ದವು. ಆದರೆ ಅವುಗಳ ನಡುವೆ ಹುಲ್ಲಿನ ಬುಡ ಇನ್ನೂ ಹಿಡಿದು ನಿಂತಿತ್ತು. ತಿಂದುಳಿದ ಒಣಹುಲ್ಲು ಚಾಪೆಯಂತೆ ಹಾಸಿ, ಅದರ ಅಡಿಯಲ್ಲಿ ಕೈಯಿಟ್ಟರೆ ನೆಲ ತಣ್ಣಗಿದ್ದರೂ ಮೆತ್ತಗಿತ್ತು. ಒಂದೆರಡು ವಾರ ಬಿಟ್ಟು ನೋಡಿದರೆ ಹುಳುಗಳು ಆ ಹುಲ್ಲನ್ನು ಎಳೆದೆಳೆದು ತಮ್ಮ ಬಿಲದ ಬಾಯಿಗೆ ಸಿಕ್ಕಿಸಿಕೊಂಡಿರುತ್ತಿದ್ದವು, ಸೂಜಿಗೆ ದಾರ ಪೋಣಿಸಿದ ಹಾಗೆ. ಗೇಟಿನ ಬಳಿಯ ಬೋಳಿನಲ್ಲೂ ಶರತ್ಕಾಲದಲ್ಲಿ ಗೌಡಶಾನಿ ಎರಚಿದ್ದ ಹುಲ್ಲಿನ ಬೀಜ ಮಗುವಿನ ತಲೆಗೂದಲಿನಷ್ಟು ತೆಳ್ಳಗೆ ಎದ್ದಿತ್ತು. ಅದಕ್ಕೆ ಕಾಲು ತಾಗದಂತೆ ನಾವು ಬಳಸಿಕೊಂಡು ಹೋಗುತ್ತಿದ್ದೆವು.

ಜನವರಿಯಲ್ಲಿ ಮಳೆ ಹಿಡಿಯಿತು. ನಿಲ್ಲಲೇ ಇಲ್ಲ. ಒಂದು ಶನಿವಾರ ಬೆಳಿಗ್ಗೆ ಊರೊಳಗಿನ ತನ್ನ ಮನೆಯಿಂದ ಗೌಡಶಾನಿ ಫೋನು ಮಾಡಿದರು. ಎದೆಯಲ್ಲಿ ಕಫ ಕಟ್ಟಿ ಜ್ವರ. ಡಾಕ್ಟರು ಮಂಚ ಬಿಟ್ಟು ಇಳಿಯಬಾರದೆಂದಿದ್ದಾರೆ. ದನಗಳ ಹುಲ್ಲು ಮುಗಿದಿರುತ್ತದೆ. "ಶೆಡ್ಡಿನಲ್ಲಿ ಒಂದಿಷ್ಟಿದೆ. ಗೇಟಿನ ಬಳಿಯೇ ಎಸೆದು ಹೋಗಿಬಿಡು, ಲವ್. ಈ ಒಂದು ವಾರ ಮಾತ್ರ. ಏನಾಗುತ್ತದೋ ಆಗಲಿ" ಎಂದರು. ಆ ದನಿಯಲ್ಲಿ ದಣಿವಿತ್ತು.

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅತ್ತೆ, ನನ್ನ ಗಂಡ, ನಾನು ಮೂವರೂ ಕಾರಿನಲ್ಲಿ ಹೋದೆವು. ಬಾಗಿಲು ತೆಗೆಯುವ ಮೊದಲೇ ದನಗಳ ಕೂಗು ಕೇಳಿಸಿತು. ಹಳೆಯ ರೂಢಿಯಂತೆ ಎಲ್ಲವೂ ಗೇಟಿಗೇ ಬಂದು ನಿಂತಿದ್ದವು, ಆ ಎಳೆಹುಲ್ಲಿನ ಅಂಚಿನಲ್ಲೇ. ಮುಂದಿದ್ದ ಒಂದರ ಕಾಲು ಆಗಲೇ ಅದರಲ್ಲಿ ಗಿಣ್ಣಿನವರೆಗೆ ಹೂತಿತ್ತು.

"ಆಕಿನ ಹೇಳ್ಯಾಳಲ್ಲ, ಇಲ್ಲೇ ಹಾಕಿಬಿಡೋಣು. ಎಷ್ಟ ಮಳಿ ಅದ ನೋಡು" ಎಂದರು ನನ್ನ ಗಂಡ. ಅವರದೂ ತಪ್ಪಲ್ಲ, ಕಾಲಲ್ಲಿ ಆಫೀಸಿನ ಬೂಟು.

ಇಲ್ಲಿ ಮೇವು ಬಿದ್ದರೆ ಮೂರು ದಿನ ಹನ್ನೆರಡು ದನ ಇಲ್ಲೇ ತುಳಿಯುತ್ತವೆ, ವರ್ಷವೆಲ್ಲ ಕಾಯ್ದದ್ದು ಹೋಗುತ್ತದೆ, ಸಾಹೇಬರು ಕೋಲು ಊರುವುದು ಇಲ್ಲೇ. ಇದನ್ನೆಲ್ಲ ಮಳೆಯಲ್ಲಿ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. "ಬ್ಯಾಡ್ರಿ, ಮ್ಯಾಲೆ ಒಯ್ಯೋಣು" ಎಂದಷ್ಟೇ ಅಂದೆ. ನಾನು ಅಷ್ಟು ಗಟ್ಟಿಯಾಗಿ ಅನ್ನುವುದು ಅಪರೂಪ. ಅವರು ಪ್ಯಾಂಟು ಮಡಚಿದರು.

ದನಗಳು ಕದಲಲಿಲ್ಲ. ನನ್ನವರು ಚಪ್ಪಾಳೆ ತಟ್ಟಿದರು, "ಹೇ, ಹೇ" ಎಂದರು, "ಎಕ್ಸ್‌ಕ್ಯೂಸ್ ಮಿ" ಎಂದೂ ಅಂದುಬಿಟ್ಟರು. ಅಷ್ಟರಲ್ಲಿ ಅತ್ತೆ ಕಾರಿನಿಂದಿಳಿದು ಶೆಡ್ಡಿಗೆ ಹೋಗಿ, ಒಂದು ಬಕೀಟಿಗೆ ದನದ ಹಿಂಡಿಯ ಗುಳಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಕೊಡೆ ಹಿಡಿದು ಬಂದರು. ಬಕೀಟನ್ನು ಗಲಗಲ ಅಲ್ಲಾಡಿಸಿ, "ಬಾ... ಬಾ ನನ್ನವ್ವಾ... ಬಾರವಾ" ಎನ್ನುತ್ತಾ ಏರಿನ ಕಡೆ ನಡೆದರು. ಕನ್ನಡ ತಿಳಿಯಿತೋ ಬಕೀಟಿನ ಸದ್ದು ತಿಳಿಯಿತೋ, ಒಂದು ತಿರುಗಿತು, ಎರಡು ತಿರುಗಿದವು, ಆಮೇಲೆ ಎಲ್ಲವೂ. ಅರ್ಧ ಏರಿದ ಮೇಲೆ ಅತ್ತೆ ಹಿಂತಿರುಗಿ ನೋಡಿದರೆ ಹನ್ನೆರಡು ಒದ್ದೆ ಮೂಗುಗಳು ಬೆನ್ನಿಗೇ ಇದ್ದವು.

"ತಮ್ಮಾ! ತಮ್ಮಾ, ನಿಲ್ಲಸೋ ಇವನ್ನ! ಕೊಡಿ ತಿನ್ನಾಕತ್ತಾವ!"

ಬಕೀಟು ಅಲ್ಲೇ ಸುರಿಯಿರಿ ಎಂದು ನಾನು ಕೂಗಿದೆ. ಅವು ಗುಳಿಗೆಯನ್ನು ಮುತ್ತಿದ ಹೊತ್ತಿನಲ್ಲಿ ನಾವಿಬ್ಬರೂ ಬಳೆ ಎತ್ತಿ ನಿಲ್ಲಿಸಿ, ಜಾರುತ್ತಾ, ಬೈದುಕೊಳ್ಳುತ್ತಾ ಮುಂದಿನ ಸುರುಳಿಯವರೆಗೆ ಉರುಳಿಸಿ, ಅದರ ಸುತ್ತಲಿನ ತಂತಿ ತೆಗೆದು, ಬಳೆ ಕವುಚಿದೆವು. ನಾನು ಕತ್ತರಿಯಿಂದ ಸುರುಳಿಯ ಬಲೆ ಕತ್ತರಿಸಿದೆ. ಒಳಗಿನ ಹುಲ್ಲು ಒಣಗಿ ಬೆಚ್ಚಗಿತ್ತು, ಕಳೆದ ಜೂನಿನ ವಾಸನೆಯಿತ್ತು. ನನ್ನವರ ಬೂಟು ಅಂದಿಗೆ ಮುಗಿಯಿತು. ಆದರೆ ಮುಂದಿನ ಶನಿವಾರ ಯಾರೂ ಹೇಳದೆ ಅವರೇ ಹೋಗಿ ವೆಲ್ಲಿಂಗ್ಟನ್ ಕೊಂಡರು. ಗೌಡಶಾನಿ ಎದ್ದು ಓಡಾಡುವವರೆಗೆ ಆ ಕೆಲಸ ನಮ್ಮಿಬ್ಬರದೇ ಆಯಿತು. ಮದುವೆಯಾದ ಮೇಲೆ ನಾವಿಬ್ಬರೇ ಸೇರಿ ಅಷ್ಟು ನಕ್ಕದ್ದು ಬೇರೆಲ್ಲೂ ನೆನಪಿಲ್ಲ.

ಮೇ ತಿಂಗಳಲ್ಲಿ ಕೌನ್ಸಿಲ್‌ನ ಸಾಹೇಬರು ಬರುವ ದಿನ ಅತ್ತೆ ಹಸಿರು ಇಳಕಲ್ ಸೀರೆ ಉಟ್ಟರು. ಗೌಡಶಾನಿಯ ಕೋಟಿಗೆ ಅಂದು ದಾರವಿರಲಿಲ್ಲ, ಗುಂಡಿ ಹೊಲಿದಿದ್ದರು. ಮೂವರೂ ಕ್ಯಾರವಾನಿನ ಮೆಟ್ಟಿಲ ಬಳಿ ನಿಂತೆವು. ಅಲ್ಲಿಂದ ಹೊಲ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಸುರುಳಿಯಿದ್ದ ಒಂದೊಂದು ಕಡೆಯೂ ಉಳಿದ ಹೊಲಕ್ಕಿಂತ ಗಾಢವಾದ ಹಸಿರು ದುಂಡು. ಅಲ್ಲಿ ಸಗಣಿ ಬಿದ್ದದ್ದೆಂದು ದನಗಳು ಇನ್ನೂ ಬಾಯಿ ಹಾಕದೆ ಸುತ್ತಲಿನದನ್ನು ಮಾತ್ರ ಮೇಯುತ್ತಿದ್ದವು. ಆದರೆ ಕೆಳಗೆ, ಕಾಲುವೆಯ ಮಗ್ಗುಲಿನ ಎರಡು ದುಂಡುಗಳು ಹಸಿರಾಗಿರಲಿಲ್ಲ. ನೀರು ನಿಲ್ಲುವ ಜಾಗ; ಅಲ್ಲಿ ಕೆಲವೇ ದಿನ ನಿಂತರೂ ನೆಲ ಬಾಯಿ ಮುಚ್ಚಿಕೊಂಡಿತ್ತು.

ಸಾಹೇಬರು ಮೊದಲು ಅಲ್ಲಿಗೇ ಹೋದರು.

"ಅಲ್ಲೇ ಯಾಕ ಹೋದ ಅಂವ? ಮ್ಯಾಲೆ ಹೋಗಂತ ಹೇಳು" ಎಂದರು ಅತ್ತೆ.

"ಅತ್ತೀ, ಸುಮ್ಮನಿರ್ರಿ."

ಅವರು ಕೋಲು ಊರಿದರು. ಮುಖ ಕಾಣಿಸುತ್ತಿರಲಿಲ್ಲ. ಕಾಲುವೆಗೆ ಬಾಗಿ ನೋಡಿದರು. ನೀರು ತಿಳಿಯಾಗಿತ್ತೆಂದು ನನಗೆ ಗೊತ್ತಿತ್ತು, ಬೆಳಿಗ್ಗೆಯೇ ಹೋಗಿ ನೋಡಿದ್ದೆ. ಮೇಲಿನ ದುಂಡುಗಳಲ್ಲಿ ನಾಲ್ಕಾರು ಕಡೆ ಊರಿದರು, ಕೋಲು ಸ್ವಲ್ಪವೇ ಇಳಿದು ನಿಂತಿತು. ಒಂದು ಕಡೆ ಮಂಡಿಯೂರಿ ಹುಲ್ಲನ್ನು ಬೆರಳಿನಿಂದ ಬಿಡಿಸಿ ನೋಡಿದರು. ಕೊನೆಗೆ ಗೇಟಿಗೆ ಬಂದರು. ಅಲ್ಲಿಯ ಹುಲ್ಲು ತೆಳುವಾಗಿತ್ತು, ಕಳೆಯೂ ಇತ್ತು. ಅವರು ಅದರ ಮೇಲೆ ಕಾಲಿಟ್ಟು, ಮೈಭಾರ ಹಾಕಿ, ಒಮ್ಮೆ ಹಿಮ್ಮಡಿ ಎತ್ತಿ ಇಳಿಸಿದರು. ನೀರು ಮೇಲೆ ಬರಲಿಲ್ಲ.

ಗೌಡಶಾನಿ ಕೈಗಳನ್ನು ಜೇಬಿನೊಳಗೆ ತುರುಕಿಕೊಂಡು ಎದುರಿಗೆ ನಿಂತರು.

"ಮುಂದಿನ ಚಳಿಗಾಲಕ್ಕೆ ಇರಲಿ" ಎಂದರು ಸಾಹೇಬರು. "ಆದರೆ ಕೆಳಗಿನ ಅರ್ಧ ಬೇಡ. ಕಾಲುವೆಯ ಕಡೆ ಬೇಲಿ ಹಾಕಿ. ಹುಲ್ಲೆಲ್ಲ ಮೇಲಿನ ಏರಿನಲ್ಲೇ ಇಡಿ. ವಸಂತದಲ್ಲಿ ಮತ್ತೆ ಬಂದು ನೋಡುತ್ತೇನೆ."

"ಪ್ರತಿ ವರ್ಷವೂ ಬರುತ್ತೀರಾ?"

"ಪ್ರತಿ ವರ್ಷವೂ."

"ಬನ್ನಿ" ಎಂದರು ಗೌಡಶಾನಿ. ಸಾಹೇಬರ ಕಾರು ತಿರುವು ದಾಟುವವರೆಗೂ ಅಲ್ಲಾಡದೆ ನಿಂತಿದ್ದವರು, ಆಮೇಲೆ ಹೋಗಿ ಹತ್ತಿರದಲ್ಲಿದ್ದ ದನದ ಕುತ್ತಿಗೆಗೆ ಹಣೆ ಹಚ್ಚಿದರು. ದನ ಮೇಯುವುದನ್ನು ನಿಲ್ಲಿಸಲಿಲ್ಲ.

"ಏನಂದ? ಮಾರಬೇಕಂತೇನು?" ಅತ್ತೆ ನನ್ನ ತೋಳು ಜಗ್ಗಿದರು.

"ಇಲ್ಲ ಅತ್ತೀ, ಇರ್ಲಿ ಅಂದಾರ. ಬರೇ ಮ್ಯಾಲಿನ ಏರಿನ್ಯಾಗ ಮೇವು ಇಡಬೇಕಂತ."

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಏರಿನ ತುದಿಯವರೆಗೂ ನೋಡಿದರು. ಆಮೇಲೆ ನನ್ನನ್ನು ನೋಡಿದರು, ಮುಡಿಯಿಂದ ಬೂಟಿನವರೆಗೆ.

"ಅಲ್ಲೀತನಾ ಉರುಳಸಬೇಕಂದ್ರ ಇಷ್ಟ ಮೈ ಸಾಲಂಗಿಲ್ಲವಾ. ಇವತ್ತಿನಿಂದ ಎರಡ ರೊಟ್ಟಿ ಹೆಚ್ಚಿಗಿ ತಿನ್ನು."